ಹಿಂದೆ ಹಿಂದೆ ಬರುವ ಮಗುವನ್ನು ಓಡಿಸಬೇಡಿ

ಮೊನ್ನೆ ಫೋನಿನಲ್ಲಿ ನೀವಿಬ್ಬರೂ ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ದೂರು. ಒಂಬತ್ತು ತುಂಬಿದ ಮಗಳು ಉಂಡ ತಟ್ಟೆ ಎತ್ತುವುದಿಲ್ಲ, ಹೊದಿಕೆ ಮಡಿಚುವುದಿಲ್ಲ, ಕೂಗಿದರೆ ‘ಒಂದ್ ನಿಮಿಷ’ ಅಂತಾಳೆ, ಆ ನಿಮಿಷ ಮುಗಿಯುವುದೇ ಇಲ್ಲ. ‘ಅತ್ತೆ, ಅಷ್ಟು ವರ್ಷ ಟೀಚರ್ ಆಗಿದ್ದವರು ನೀವು, ಏನು ಮಾಡೋದು ಹೇಳಿ’ ಅಂದಿರಿ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಓದಿ. ಒಬ್ಬರು ಓದಿ ಇನ್ನೊಬ್ಬರಿಗೆ ಸಾರಾಂಶ ಹೇಳುವುದು ಬೇಡ. ಅಂಥ ಸಾರಾಂಶ ಹೇಳುವ ಕೆಲಸವೂ ಕೊನೆಗೆ ಹೆಂಡತಿಯ ತಲೆಗೇ ಬೀಳುತ್ತದೆ.

ಮೊದಲು ಚಿಕ್ಕವನ ವಿಷಯ ಹೇಳುತ್ತೇನೆ. ಕೇಳಿದ್ದು ದೊಡ್ಡವಳ ಬಗ್ಗೆ ಅನ್ನುವುದು ನೆನಪಿದೆ. ಆದರೆ ಅವಳ ವಿಷಯದಲ್ಲಿ ಆಗಿರುವುದು ಏನು ಅಂತ ತಿಳಿಯಬೇಕಾದರೆ ಎರಡೂವರೆ ವರ್ಷದ ಅವನನ್ನು ನೋಡಬೇಕು. ನೀವು ಪೊರಕೆ ಹಿಡಿದರೆ ಅದರ ಹಿಡಿಗೆ ಅವನೂ ಕೈ ಹಾಕುತ್ತಾನೆ. ಚಪಾತಿ ಲಟ್ಟಿಸುವಾಗ ಕಾಲಿಗೆ ತೊಡರಿಕೊಂಡು ‘ನಂಗೂ, ನಂಗೂ’ ಅನ್ನುತ್ತಾನೆ. ವಾಷಿಂಗ್ ಮಷೀನಿನ ಬಾಗಿಲು ತೆಗೆದರೆ ಒದ್ದೆ ಕಾಲುಚೀಲ ಒಂದೊಂದಾಗಿ ಎಳೆದು ಕೊಡುತ್ತಾನೆ. ಆಗ ನಾವೇನು ಮಾಡುತ್ತೇವೆ? ‘ಹೋಗು ಬಂಗಾರ, ಆಟ ಆಡ್ಕೋ’ ಅಂತ ಕೈಗೊಂದು ಮೊಬೈಲು ಕೊಡುತ್ತೇವೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಕೆಲಸ ಮಾಡುವಾಗ ಅವನು ಇರಬೇಕಾದ ಜಾಗ ಸೋಫಾ ಅನ್ನುವ ಪಾಠವೂ ಅದರ ಜತೆಯಲ್ಲೇ ಆಗಿಹೋಗುತ್ತದೆ. ಮಗಳಿಗೆ ಆ ಪಾಠ ಏಳು ವರ್ಷದ ಹಿಂದೆ ಆಗಿದೆ. ಅವಳು ಚೆನ್ನಾಗಿ ಕಲಿತಿದ್ದಾಳೆ, ಅಷ್ಟೇ.

ಇದು ಅಜ್ಜಿಯರ ಊಹೆಯೇನಲ್ಲ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೇಲ್ ಟೊಮಸೆಲೊ ಒಂದೂವರೆ ವರ್ಷದ ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬಟ್ಟೆ ಒಣಹಾಕುತ್ತಿರುವವನ ಕೈಯಿಂದ ಕ್ಲಿಪ್ಪು ಜಾರಿ ಬೀಳುತ್ತದೆ. ಬಗ್ಗಿ ತೆಗೆದುಕೊಳ್ಳಲು ಅವನಿಗೆ ಎಟುಕುವುದಿಲ್ಲ. ಯಾರೂ ಹೇಳಿರುವುದಿಲ್ಲ, ಆದರೂ ಮಗು ತಪ್ಪುಹೆಜ್ಜೆ ಹಾಕಿಕೊಂಡು ಹೋಗಿ ಎತ್ತಿಕೊಡುತ್ತದೆ. ಅದೇ ಮನುಷ್ಯ ಬೇಕೆಂದೇ ಕ್ಲಿಪ್ಪನ್ನು ನೆಲಕ್ಕೆಸೆದಾಗ ಹೆಚ್ಚಿನ ಮಕ್ಕಳು ಅದರ ಗೊಡವೆಗೆ ಹೋಗಲಿಲ್ಲ. ಬಿದ್ದದ್ದು ಯಾವುದು, ಎಸೆದದ್ದು ಯಾವುದು, ಎದುರಿನವರಿಗೆ ಕೈ ಬೇಕಾಗಿದೆಯೋ ಇಲ್ಲವೋ ಎಂಬುದು ನೆಟ್ಟಗೆ ಮಾತು ಬಾರದ ಕೂಸಿಗೂ ಗೊತ್ತು. ಹಾಗಾಗಿ ಚಿಕ್ಕವನಲ್ಲಿ ಕೆಲಸದ ಆಸೆ ಹುಟ್ಟಿಸುವ ಕಷ್ಟ ನಿಮಗಿಲ್ಲ. ಇರುವ ಆಸೆಯನ್ನು ಉಳಿಸಿಕೊಂಡರೆ ಆಯಿತು.

ಉಳಿಸಿಕೊಳ್ಳುವುದಕ್ಕೆ ಖರ್ಚಿದೆ, ಅದನ್ನು ಮುಚ್ಚಿಡುವುದಿಲ್ಲ. ಸಮಯ ಹೋಗುತ್ತದೆ, ನೆಲ ಗಲೀಜಾಗುತ್ತದೆ. ಬೆಳಗ್ಗೆ ಏಳೂವರೆಗೆ ಸ್ಕೂಲ್ ವ್ಯಾನು ಹಾರನ್ ಹೊಡೆಯುವ ಮನೆಯಲ್ಲಿ ಮಗುವಿನ ಕೈಲಿ ದೋಸೆಹಿಟ್ಟು ಕಲಕಿಸಿ ಅಂತ ನಾನು ಹೇಳುವುದಿಲ್ಲ. ಬೆಳಗಿನ ಹೊತ್ತು ನಿಮ್ಮದು. ಭಾನುವಾರ ಇದೆ, ಸಂಜೆ ಇದೆ.

ಅವರೆಕಾಯಿ ಕಾಲ ಬಂದಾಗ ಒಂದು ಸಂಜೆ ಇಬ್ಬರು ಮಕ್ಕಳನ್ನೂ ಹಿತಕಿದ ಬೇಳೆಗೆ ಕೂರಿಸಿ ನೋಡಿ. ಮಧ್ಯಾಹ್ನ ಕಾಯಿ ಸುಲಿಯುವುದು, ಅದಕ್ಕೆ ಎಲ್ಲ ವಯಸ್ಸಿನ ಕೈಯೂ ಆಗುತ್ತದೆ. ಸೊನೆಯ ಘಮಕ್ಕೆ ಮಕ್ಕಳು ಮೊದಲು ಮೂಗು ಮುರಿಯುತ್ತವೆ, ಆಮೇಲೆ ಬೆರಳು ಮೂಸಿ ನೋಡಿಕೊಳ್ಳುತ್ತವೆ. ಹುಳ ಸಿಕ್ಕಿದರಂತೂ ಹಬ್ಬ. ಕಾಳು ಕೆಲವು ಗಂಟೆ ನೆನೆದು ಸಿಪ್ಪೆ ಉಬ್ಬಿದ ಮೇಲೆ ನಡುವೆ ಒಂದು ಅಗಲ ಪಾತ್ರೆ, ಪಕ್ಕದಲ್ಲಿ ಸಿಪ್ಪೆಗೊಂದು ಬಟ್ಟಲು. ಹೆಬ್ಬೆರಳು, ತೋರುಬೆರಳ ನಡುವೆ ಕಾಳಿಟ್ಟು ಒತ್ತುವುದು. ಒತ್ತುವ ಹದ ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ. ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಜಾಸ್ತಿಯಾದರೆ ಬೇಳೆ ಬೆರಳ ಸಂದಿಯಿಂದ ಚಿಮ್ಮಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಗಿ ಕೂರುತ್ತದೆ. ಮೊದಲ ಅರ್ಧ ಗಂಟೆ ಪಾತ್ರೆಗೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ‘ಹಾಗಲ್ಲ, ಹೀಗೆ’ ಅಂತ ಮಗಳ ಕೈ ಹಿಡಿದು ತಿದ್ದಬೇಡಿ. ನೀವು ನಿಮ್ಮ ಪಾಡಿಗೆ ಹಿತುಕುತ್ತಾ ಹೋಗಿ, ಅವಳ ಕಣ್ಣು ನಿಮ್ಮ ಬೆರಳ ಮೇಲೇ ಇರುತ್ತದೆ. ಮಾತಿರಲಿ, ಆದರೆ ಶಾಲೆ ಮಾರ್ಕಿನ ಮಾತು ಬೇಡ. ನಡುವೆ ಎಲ್ಲೋ ಒಂದು ಕ್ಷಣ ಬರುತ್ತದೆ: ಬೇಳೆ ತಟ್ಟನೆ ಜಾರಿ ಪಾತ್ರೆಗೆ ಬಿದ್ದು ಖಾಲಿ ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಅವಳು ತಲೆಯೆತ್ತಿ ನಿಮ್ಮನ್ನು ನೋಡುತ್ತಾಳೆ. ಆಗಲೂ ಚಪ್ಪಾಳೆ ತಟ್ಟಬೇಡಿ. ಹ್ಞೂಂ ಅಂದರೆ ಸಾಕು. ಮಾರನೆಯ ದಿನ ಸಾರು ಬಡಿಸುವಾಗ ‘ಇದರಲ್ಲಿ ಅರ್ಧ ಇವಳು ಹಿತುಕಿದ್ದು’ ಅಂತ ಅವಳಪ್ಪನಿಗೆ ಹೇಳಿ, ಅವಳಿಗೆ ಕೇಳಿಸುವ ಹಾಗೆ.

ಇನ್ನು ನೀವು ಕೇಳಿದ ದೊಡ್ಡವಳ ವಿಷಯ. ಈಗ ಅವಳಿಗೆ ನೀವು ಮಾಡುತ್ತಿರುವುದು ಅಪ್ಪಣೆ. ನೀರು ತಾ, ಬಾಗಿಲು ತೆಗಿ, ಕುಕ್ಕರ್ ಎಷ್ಟು ಸಲ ಕೂಗಿತು ಎಣಿಸು. ದಿನಕ್ಕೆ ನೂರು ತುಂಡು ಅಪ್ಪಣೆ, ಒಂದೂ ಅವಳದಲ್ಲ. ಅವಳ ಆಟವೋ ಪುಸ್ತಕವೋ ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತದೆ, ಆದರೂ ಮನೆಯಲ್ಲಿ ಅವಳು ಮಾಡಿದ್ದು ಅಂತ ಕೈ ತೋರಿಸಲು ಏನೂ ಇರುವುದಿಲ್ಲ. ನಮ್ಮ ಶಾಲೆಗೆ ಬರುವ ಇನ್‌ಸ್ಪೆಕ್ಟರೊಬ್ಬರು ಹೀಗೇ ಇದ್ದರು, ನಾವೆಲ್ಲ ಅವರು ಬಂದರೆ ಬಾತ್‌ರೂಮಿಗೆ ಹೋಗುತ್ತಿದ್ದೆವು. ಅಪ್ಪಣೆ ನಿಲ್ಲಿಸಿ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿಬಿಡಿ. ಶುರುವಿನಿಂದ ಕೊನೆಯವರೆಗೆ, ಅದರ ಯೋಚನೆಯೂ ಸೇರಿ. ಮನೆಗೆಲಸದ ಅರ್ಧ ಭಾರ ಯೋಚನೆಯಲ್ಲೇ ಇರುವುದು. ತೊಗರಿಬೇಳೆ ಮುಗಿಯುತ್ತಾ ಬಂತು ಅಂತ ನೆನಪಿಟ್ಟುಕೊಳ್ಳುವವರು ಯಾರೋ, ಬೇಳೆ ಬೇಯಿಸುವವರಿಗಿಂತ ದಣಿಯುವವರು ಅವರೇ.

ನಿಮ್ಮ ಮನೆಯಲ್ಲಿ ಯಾವುದನ್ನು ಒಪ್ಪಿಸಬಹುದು ಅಂತ ಯೋಚಿಸಿದೆ. ಕಸ ಒಪ್ಪಿಸಿ. ನಗಬೇಡಿ. ಬೆಂಗಳೂರಿನಲ್ಲಿ ಮನೆಮನೆಯಲ್ಲೂ ಎರಡು ಬುಟ್ಟಿ, ಒಂದು ಚೀಲ ಇಟ್ಟು ಕಸ ಬೇರೆ ಮಾಡಲೇಬೇಕು ಅಂತ 2015ರ ಡಿಸೆಂಬರಿನಲ್ಲಿ ಹೈಕೋರ್ಟೇ ಹೇಳಿದೆ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಪರ್, ಬ್ಯಾಂಡೇಜಿನಂಥ ಕಸ, ಚೀಲಕ್ಕೆ ಒಣ ಕಸ. ಬುದ್ಧಿ ಬೇಡುವ ಕೆಲಸ ಅದು. ಎಣ್ಣೆ ಹತ್ತಿದ ಪೇಪರು ಎಲ್ಲಿಗೆ? ಹಾಲಿನ ಪ್ಯಾಕೆಟ್ ತೊಳೆಯದೆ ಚೀಲಕ್ಕೆ ಹಾಕಿದರೆ ಎರಡೇ ದಿನಕ್ಕೆ ನಾತ. ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಪೂರ್ತಿ ತುಂಡು ಮಾಡದೆ ಅಂಟಿಕೊಂಡೇ ಇರುವ ಹಾಗೆ ಕತ್ತರಿಸಿದರೆ ಆ ಚೂರು ಚರಂಡಿ ಸೇರುವುದಿಲ್ಲ. ಇದನ್ನೆಲ್ಲ ಒಂದು ವಾರ ಅವಳ ಜತೆ ನಿಂತು ಮಾಡಿ, ಆಮೇಲೆ ಬಿಟ್ಟುಬಿಡಿ. ಅಪ್ಪ ಪಿಜ್ಜಾ ಡಬ್ಬಿಯನ್ನು ತಪ್ಪು ಬುಟ್ಟಿಗೆ ಹಾಕಿದರೆ ಗದರುವ ಹಕ್ಕೂ ಅವಳಿಗಿರಲಿ.

ಅವಳು ಮರೆಯುತ್ತಾಳೆ. ಕಸದ ಗಾಡಿ ಬಂದು ಹಾಡು ಹಾಕಿಕೊಂಡು ಹೋಗಿರುತ್ತದೆ, ಹಸಿ ಕಸ ಅಲ್ಲೇ ಇರುತ್ತದೆ. ಆಗ ನಿಮ್ಮಲ್ಲೊಬ್ಬರು ಬುಟ್ಟಿ ಹಿಡಿದು ಮೆಟ್ಟಿಲಿಳಿದು ಓಡಿದಿರೋ, ಕೆಲಸ ವಾಪಸ್ಸು ನಿಮ್ಮದಾಯಿತು. ಬಿಡಿ, ನಾರಲಿ. ಒಂದು ದಿನದ ಹಸಿ ಕಸದಿಂದ ಯಾರೂ ಸತ್ತಿಲ್ಲ. ‘ನಾನು ಹೇಳಿರಲಿಲ್ವಾ’ ಅನ್ನುವ ಮಾತೂ ಬೇಡ. ಮೂಗು ಹೇಳುತ್ತದೆ. ಇನ್ನೊಂದು: ಅವಳು ಮಡಿಚಿಟ್ಟ ಟವೆಲನ್ನು ಅವಳ ಎದುರಿಗೇ ಬಿಚ್ಚಿ ಮತ್ತೆ ಮಡಿಚಬೇಡಿ. ಅದು ನಿನಗೇ ಹೇಳುತ್ತಿರುವುದು ಕಣಮ್ಮ, ನಿನ್ನ ಕಪಾಟು ನೋಡಿದ್ದೇನೆ. ಅಂಚಿಗೆ ಅಂಚು ಕೂಡದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ ಅನ್ನುವುದೂ ಗೊತ್ತು. ಅವಳು ಮಲಗಿದ ಮೇಲೂ ಬೇಡ. ಬೆಳಗ್ಗೆ ಎದ್ದರೆ ಅವಳಿಗೆ ಗೊತ್ತಾಗುತ್ತದೆ.

ದುಡ್ಡು ಕೊಡಲೇ ಅಂತ ಕೇಳಿದಿರಲ್ಲ, ಪಾತ್ರೆ ಒರೆಸಿದರೆ ಹತ್ತು ರೂಪಾಯಿ, ಗಿಡಕ್ಕೆ ನೀರು ಹಾಕಿದರೆ ಗೋಡೆಯ ಪಟ್ಟಿಗೊಂದು ನಕ್ಷತ್ರ? ಬೇಡ. ಅದೇ ವಾರ್ನೆಕೆನ್, ಟೊಮಸೆಲೊ 2008ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿದರು. ಇಪ್ಪತ್ತು ತಿಂಗಳ ಮಕ್ಕಳಲ್ಲಿ ಕೆಲವರಿಗೆ ನೆರವಾದಾಗಲೆಲ್ಲ ಒಂದು ಆಟಿಕೆ ಸಿಗುತ್ತಿತ್ತು, ಇನ್ನು ಕೆಲವರಿಗೆ ಏನೂ ಇಲ್ಲ. ಆಟಿಕೆ ನಿಲ್ಲಿಸಿದ ಮೇಲೆ ನೆರವಿಗೆ ಬರುವುದು ಕಡಿಮೆಯಾದದ್ದು ಆಟಿಕೆ ಪಡೆದವರಲ್ಲೇ. ಸಂಬಳಕ್ಕೆ ಮಾಡುವ ಕೆಲಸವನ್ನು ಸಂಬಳ ನಿಂತರೆ ಬಿಡುವುದು ನ್ಯಾಯವೇ ತಾನೆ. ಪಾಕೆಟ್ ಮನಿ ಕೊಡುವುದಾದರೆ ಸುಮ್ಮನೆ ಕೊಡಿ, ಪಾತ್ರೆಗೆ ಅದನ್ನು ಕಟ್ಟಬೇಡಿ.

ದುಡ್ಡಿಗಿಂತಲೂ ಕೆಟ್ಟದ್ದು ಶಿಕ್ಷೆ. ತಂಗಿಗೋ ತಮ್ಮನಿಗೋ ಹೊಡೆದದ್ದಕ್ಕೆ ‘ಹೋಗು, ಬಾತ್‌ರೂಮ್ ತೊಳಿ’ ಅನ್ನುವ ಮನೆಗಳಿವೆ. ಹಾಗೆ ಹೇಳಿದ ದಿನದಿಂದ ಬಾತ್‌ರೂಮ್ ತೊಳೆಯುವವರೆಲ್ಲ ಮಗುವಿನ ಕಣ್ಣಿಗೆ ತಪ್ಪು ಮಾಡಿದವರು. 2023ರ ಕೊನೆಯಲ್ಲಿ ನಮ್ಮ ರಾಜ್ಯದ ಕೆಲವು ಶಾಲೆಗಳಲ್ಲಿ ಮಕ್ಕಳ ಕೈಲಿ ಶೌಚಾಲಯ, ಮಲದ ಗುಂಡಿ ತೊಳೆಸಿದ್ದು ಬಯಲಿಗೆ ಬಂತು, ಮುಖ್ಯ ಶಿಕ್ಷಕರು ಅಮಾನತಾದರು, ಹಾಗೆ ಮಾಡಿಸಬಾರದು ಅಂತ ಸರ್ಕಾರ ಎಚ್ಚರಿಸಿತು. ಅಂಥ ಕೆಲಸ ಯಾರ ಮನೆಯ ಮಕ್ಕಳ ಪಾಲಿಗೆ ಬರುತ್ತದೆ ಅನ್ನುವುದು ಶಾಲೆಯಲ್ಲಿ ಕೆಲಸ ಮಾಡಿದ ನಮಗೆ ಯಾರೂ ಹೇಳಬೇಕಾಗಿಲ್ಲ. ನಿಮ್ಮ ಮನೆಯ ಬಾತ್‌ರೂಮಿನ ಮಾತು ಬೇರೆ. ಅದನ್ನು ಬಳಸುವವರು ನೀವೇ. ಸರದಿ ಹಾಕಿಕೊಳ್ಳಿ, ಮೊದಲ ವಾರ ಅಪ್ಪನದಾಗಲಿ.

ಅಪ್ಪನ ಮಾತು ಬಂತು. ನೋಡಪ್ಪ, ಇದು ನಿನಗೆ. ಕೇಂದ್ರ ಸರ್ಕಾರ ಜನ ಹೊತ್ತು ಕಳೆಯುವ ಬಗೆಯ ಸಮೀಕ್ಷೆ ಮಾಡಿಸುತ್ತದೆ, ಆರು ವರ್ಷ ದಾಟಿದವರನ್ನೆಲ್ಲ ಕೇಳುತ್ತದೆ. ಸಂಬಳವಿಲ್ಲದ ಮನೆಗೆಲಸ ಮಾಡಿದವರಲ್ಲಿ ಹೆಂಗಸರು ದಿನಕ್ಕೆ 2019ರಲ್ಲಿ 299 ನಿಮಿಷ, ಗಂಡಸರು 97 ನಿಮಿಷ ಕಳೆದಿದ್ದರು. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289, ಗಂಡಸರದು 88. ಹೆಂಗಸರ ಭಾರ ಹತ್ತು ನಿಮಿಷ ಇಳಿಯಿತು ಅಂತ ಹಿಗ್ಗುವ ಹಾಗಿಲ್ಲ, ಗಂಡಸರದೂ ಇಳಿದಿದೆ. ಇದು ಕೆಲಸ ಮಾಡಿದ ಗಂಡಸರ ಲೆಕ್ಕ ಮಾತ್ರ. ಗಂಡಸರಲ್ಲಿ ನಾಲ್ಕರಲ್ಲಿ ಮೂವರಷ್ಟು ಜನ ಆ ದಿನ ಮನೆಗೆಲಸಕ್ಕೆ ಕೈಯೇ ಹಾಕಿರಲಿಲ್ಲ.

ಇದನ್ನು ಉಪದೇಶದಿಂದ ಬದಲಿಸಲಾಗದು. ಕೇರಳದವರು 2024ರಲ್ಲಿ ಮೂರನೆಯ ತರಗತಿಯ ಪಠ್ಯದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದರು, ಒಳ್ಳೆಯದೇ. ಆದರೆ ಪುಸ್ತಕದ ಅಪ್ಪ ತುರಿದ ಕಾಯಿಯಿಂದ ಚಟ್ನಿಯಾಗುವುದಿಲ್ಲ. ಚಿಕ್ಕವನು ನೋಡುವುದು ನಿನ್ನನ್ನು. ನೀನು ಭಾನುವಾರ ಬಿರಿಯಾನಿ ಮಾಡಿ ಅಡುಗೆಮನೆಯನ್ನು ಕುರುಕ್ಷೇತ್ರದ ಹಾಗೆ ಬಿಟ್ಟು ಬಂದು ಹೊಗಳಿಕೆಗೆ ಕೂತರೆ ಅವನೂ ಅದನ್ನೇ ಕಲಿಯುತ್ತಾನೆ. ಬಿರಿಯಾನಿ ಬಿಡು. ದಿನಾ ರಾತ್ರಿ ಮಿಕ್ಕ ಸಾರು ಸಣ್ಣ ಪಾತ್ರೆಗೆ ಬಗ್ಗಿಸಿ, ಕಟ್ಟೆ ಒರೆಸಿ, ಸಿಂಕಿನ ಜಾಲರಿಯಲ್ಲಿ ಸಿಕ್ಕಿದ ಅನ್ನ ತೆಗೆದು, ನಾಳೆಗೆ ಕಾಳು ನೆನೆಹಾಕಿ ಮಲಗು. ಯಾರೂ ಹೊಗಳದ ಈ ಕೆಲಸ ನಿನ್ನದಾಗಲಿ. ಮಗನೂ ಮಗಳೂ ನೋಡಲಿ. ನಿನ್ನ ಅಮ್ಮ ಬಂದಾಗ ‘ಗಂಡುಮಗುವಿನ ಕೈಗೆ ಪೊರಕೆ ಕೊಡ್ತೀರಾ’ ಅಂದರೆ ಅದನ್ನು ನನಗೆ ಬಿಡು. ಅವಳನ್ನು ನಲವತ್ತು ವರ್ಷದಿಂದ ಬಲ್ಲೆ.

ಹಾಗಂತ ಇನ್ನೊಂದು ತುದಿಗೆ ಹೋಗುವುದೂ ಬೇಡ. ನಮ್ಮ ಹಳ್ಳಿ ಶಾಲೆಗಳಲ್ಲಿ ನಾನು ನೋಡಿದ ಹೆಣ್ಣುಮಕ್ಕಳ ಕತೆ ನಿಮ್ಮ ಮಗಳದ್ದರ ತದ್ವಿರುದ್ಧ. ಬೆಳಗ್ಗೆ ನೀರು ಹೊತ್ತು, ಮುಸುರೆ ತಿಕ್ಕಿ, ತಮ್ಮನಿಗೆ ತಿನ್ನಿಸಿ ಎರಡನೆಯ ಪೀರಿಯಡ್ಡಿಗೆ ಬರುತ್ತಿದ್ದರು. ಕೆಲವರ ಸೊಂಟದಲ್ಲಿ ತಮ್ಮನೇ ಇರುತ್ತಿದ್ದ. ಮಗ್ಗಿ ಹೇಳುತ್ತಾ ತೂಕಡಿಸುವವರು ಅವರೇ. ರಾಗಿ ಕೊಯ್ಲು ಬಂದರೆ ಹಾಜರಿ ಪುಸ್ತಕದಲ್ಲಿ ಮೊದಲು ಖಾಲಿಯಾಗುವುದು ಅವರ ಸಾಲು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರ ಒಳಗಿನವರನ್ನು ದುಡಿಮೆಗೆ ಹಚ್ಚಬಾರದು ಅನ್ನುತ್ತದೆ, ಮನೆಯವರಿಗೆ ನೆರವಾಗುವುದಾದರೆ ಅದು ಶಾಲೆಯ ಹೊತ್ತಿನ ಆಚೆಗೆ, ಅಪಾಯವಿಲ್ಲದ ಕೆಲಸಕ್ಕೆ ಮಾತ್ರ. ನಿಮ್ಮ ಫ್ಲ್ಯಾಟಿನಲ್ಲಿ ಆ ಮಟ್ಟಕ್ಕೆ ಹೋಗುವುದಿಲ್ಲ, ಆದರೆ ಅದರ ನೆರಳು ಬರಬಹುದು. ‘ನೀನು ದೊಡ್ಡವಳು, ತಮ್ಮನನ್ನು ನೋಡ್ಕೋ’ ಅನ್ನುವ ಮಾತು ಅವಳಿಗೆ ಎಷ್ಟು ಸಲ ಹೇಳುತ್ತೀರಿ ಅಂತ ಗಮನಿಸಿ. ತಮ್ಮನನ್ನು ಹೆತ್ತವರು ನೀವು. ಒಂಬತ್ತರ ಹುಡುಗಿ ಅವನ ಜತೆ ಆಡಲಿ, ಅವನನ್ನು ಸಾಕುವ ಹೊಣೆ ಬೇಡ.

ಒಲೆಯ ವಿಷಯಕ್ಕೆ ಅವಸರ ಬೇಡ. ಬೆಂಕಿಯಿಲ್ಲದ ಅಡುಗೆಯೇ ಎಷ್ಟೋ ಇದೆ. ಹೆಸರುಬೇಳೆ ನೆನೆಸಿ ಸೌತೆಕಾಯಿ ಹೆಚ್ಚಿ ನಿಂಬೆರಸ ಹಿಂಡಿದರೆ ಕೋಸಂಬರಿ, ಒಗ್ಗರಣೆ ಒಂದು ನೀವು ಹಾಕಿ. ಮಜ್ಜಿಗೆ ಕಡೆಯಲಿ, ಮಂಡಕ್ಕಿ ಕಲಸಲಿ. ಚಾಕು ಕೊಡುವಾಗ ಮೊಂಡು ಚಾಕು ಕೊಡುತ್ತಾರೆ, ಅದೇ ಹೆಚ್ಚು ಜಾರುವುದು. ಸಣ್ಣದು, ಹರಿತವಾದದ್ದು ಕೊಟ್ಟು ಪಕ್ಕದಲ್ಲಿ ನಿಲ್ಲಿ. ಗ್ಯಾಸು ಯಾವ ವಯಸ್ಸಿಗೆ ಅಂತ ಕೇಳಿದರೆ ನಾನು ವರ್ಷ ಹೇಳುವುದಿಲ್ಲ. ಒಲೆಯ ಮುಂದೆ ನೆಲದ ಮೇಲೆ ನಿಂತು ಬಾಣಲೆಯ ಒಳಗು ಕಾಣುವಷ್ಟು ಎತ್ತರ ಬಂದಿರಬೇಕು, ಸ್ಟೂಲು ಗೀಲು ಬೇಡ. ಯಾರೋ ಕರೆದರು ಅಂತ ಅರ್ಧಕ್ಕೆ ಬಿಟ್ಟು ಓಡುವ ವಯಸ್ಸು ಕಳೆದಿರಬೇಕು. ಕುಕ್ಕರಿನ ಮುಚ್ಚಳ ಹಬೆ ಪೂರ್ತಿ ಇಳಿಯುವವರೆಗೆ ಮುಟ್ಟಕೂಡದು, ಒದ್ದೆ ಕೈಯಲ್ಲಿ ಮಿಕ್ಸಿ ಪ್ಲಗ್ಗು ಹಿಡಿಯಕೂಡದು; ಇವೆರಡಕ್ಕೆ ರಿಯಾಯಿತಿ ಇಲ್ಲ. ಫಿನಾಯಿಲನ್ನು ಜ್ಯೂಸ್ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸ ನಿಮ್ಮ ಮನೆಯಲ್ಲಿ ಕಂಡೆ, ಇವತ್ತೇ ತೆಗೆಯಿರಿ. ಟಾಯ್ಲೆಟ್ ಕ್ಲೀನರಿನ ಆಸಿಡ್ಡೂ ಬ್ಲೀಚಿಂಗ್ ಪೌಡರೂ ಸೇರಿದರೆ ಕ್ಲೋರಿನ್ ವಿಷಾನಿಲ ಹುಟ್ಟುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ದೊಡ್ಡವರಿಗೇ ಉಸಿರು ಕಟ್ಟುತ್ತದೆ. ಮಕ್ಕಳ ಸರದಿಯ ದಿನ ಸೋಪಿನ ಪುಡಿ, ಬ್ರಷ್ಷು ಸಾಕು.

ಕೆಲಸಕ್ಕೆ ಬರುವ ಆಕೆಯ ಬಗ್ಗೆಯೂ ಒಂದು ಮಾತು. ಆಕೆ ರಜೆ ಹಾಕಿದ ದಿನ ಮಾತ್ರ ಮಕ್ಕಳು ತಟ್ಟೆ ತೊಳೆಯುವುದು ಅಂತ ಮಾಡಿಕೊಳ್ಳಬೇಡಿ. ಆಕೆ ಇದ್ದರೂ ಎಂಜಲು ತೆಗೆದು, ತಟ್ಟೆಗೊಂದು ನೀರು ಹಾಯಿಸಿ ಸಿಂಕಿಗೆ ಇಡಬೇಕು; ಅನ್ನ ಒಣಗಿ ಅಂಟಿದ ತಟ್ಟೆ ತಿಕ್ಕುವ ಕೆಲಸ ಒಂದು ಸಲ ಮಗಳ ಕೈಲೇ ಮಾಡಿಸಿ, ಮತ್ತೆ ಹೇಳಬೇಕಾಗುವುದಿಲ್ಲ. ಸ್ವಲ್ಪ ದೊಡ್ಡವಳಾದ ಮೇಲೆ ತನ್ನ ಒಳಬಟ್ಟೆ ಸ್ನಾನಕ್ಕೆ ಹೋದಾಗ ತಾನೇ ಒಗೆದು ಬರಲಿ. ಮುಂದೆ ಚಿಕ್ಕವನೂ ಅಷ್ಟೇ.

ಪರೀಕ್ಷೆ ಬಂತು, ಇವತ್ತೊಂದು ದಿನ ಬೇಡ, ಅಂತ ಶುರುವಾಗುತ್ತದೆ. ಆಮೇಲೆ ಒಲಿಂಪಿಯಾಡ್ ಬರುತ್ತದೆ, ಕೊನೆಗೆ ಎಸ್‌ಎಸ್‌ಎಲ್‌ಸಿ, ಪಿಯುಸಿ. ಹದಿನೆಂಟಕ್ಕೆ ಹಾಸ್ಟೆಲಿಗೆ ಬಿಟ್ಟು ಬರುವಾಗ ಅಮ್ಮ ಬಕೆಟ್ಟಿನ ಮುಂದೆ ನಿಂತು ಸೋಪಿನ ಪುಡಿ ಎಷ್ಟು ಹಾಕಬೇಕು ಅಂತ ತೋರಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪರೀಕ್ಷೆಯ ದಿನಗಳಲ್ಲೂ ಕಸ ಅವಳದೇ. ಹತ್ತು ನಿಮಿಷಕ್ಕೆ ಮಾರ್ಕು ಹೋಗುವುದಿಲ್ಲ, ಓದಿ ಓದಿ ಬಿಗಿದ ಬೆನ್ನಿಗೆ ಮೆಟ್ಟಿಲಿಳಿದು ಬಂದರೆ ಹಿತವೇ.

ಈ ಸಲ ಅವಳ ಪರೀಕ್ಷೆ ಮುಗಿದ ಮೇಲೆ ಇಬ್ಬರನ್ನೂ ಇಲ್ಲಿಗೆ ಕಳಿಸಿ. ಏಪ್ರಿಲ್‌ನಲ್ಲಿ ತಾರಸಿಯ ಮೇಲೆ ಸಂಡಿಗೆ ಇಡುತ್ತೇನೆ, ಕಾಗೆ ಕಾಯಲು ಆಳು ಬೇಕು. ಹಸಿ ಸಂಡಿಗೆಯಲ್ಲಿ ಕಾಲು ಭಾಗ ಕಾಯುವವರ ಹೊಟ್ಟೆಗೆ ಹೋಗುವುದು ಲೆಕ್ಕದಲ್ಲೇ ಇರುತ್ತದೆ, ಚಿಂತೆ ಬೇಡ. ಬರುವಾಗ ಸಂಡಿಗೆಗೆ ಹಾಸಲು ನಿನ್ನ ಹಳೆಯ ಪಂಚೆ ಎರಡು ಕೊಟ್ಟು ಕಳಿಸಪ್ಪ, ಇಲ್ಲಿರುವುದು ಹರಿದಿದೆ.